ಕೆರೆಯ ಮೈ ತಿಳಿದು ಈಜಬೇಕು

ಚಿತ್ರದುರ್ಗದ ಚಂದ್ರವಳ್ಳಿಯ ಬಂಡೆಯೊಂದರ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ನಾಲ್ಕನೆಯ ಶತಮಾನದ ಆ ಬರಹದಲ್ಲಿ ಅವನು ಮಾಡಿಸಿದ ಕೆರೆಯ ಪ್ರಸ್ತಾಪವಿದೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ನೀರು ಕಟ್ಟಿ ನಿಲ್ಲಿಸುವ ವಿದ್ಯೆ ಅಷ್ಟು ಹಳೆಯದು. ನಿಂತ ನೀರಿನಲ್ಲಿ ಕ್ಷೇಮವಾಗಿ ಈಜುವ ವಿದ್ಯೆಯನ್ನಾದರೋ ಯಾರೂ ಕಲ್ಲಿನಲ್ಲಿ ಕೊರೆಯಿಸಲಿಲ್ಲ. ಅದು ಹಿರಿಯರ ಕಣ್ಗಾವಲಿನಲ್ಲಿ ಬಾಯಿಂದ ಬಾಯಿಗೆ ಸಾಗಿಬಂದಿತು.

ಕೆರೆಯನ್ನು ಕಟ್ಟಿದ ಬಗೆಯನ್ನು ಬಲ್ಲವನಿಗೆ ಅರ್ಧ ಈಜು ಬಂದಂತೆಯೇ. ಕಣಿವೆಗೆ ಅಡ್ಡಲಾಗಿ ಏರಿ ಹಾಕುವುದರಿಂದ ಏರಿಯ ಬದಿಯಲ್ಲಿಯೇ ಆಳ ಹೆಚ್ಚು. ನೀರು ಹರಿದುಬರುವ ಕಡೆಯ ಅಂಗಳದಲ್ಲಿ ನೆಲ ಮೆಲ್ಲಗೆ ಇಳಿಯುತ್ತದೆ. ತೂಬು ತೆರೆದಿದ್ದರೆ ಸೆಳೆತವೆಲ್ಲ ಅದರ ಬಾಯಿಯತ್ತ. ಕೋಡಿ ಹರಿಯುವಾಗ ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲು ನಿಲ್ಲದು. ದುರ್ಗದ ಹೊಂಡಗಳ ರೀತಿಯೇ ಬೇರೆ. ಬೆಟ್ಟದ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡ, ಸಂತೆ ಹೊಂಡಗಳಿಗೆ ಇಳಿಯುವ ಏರ್ಪಾಡು ಅಲ್ಲಿನದು. ಇಂಥ ಕಲ್ಲುಕಟ್ಟಡದ ಹೊಂಡಗಳಲ್ಲಿ ಮೆಟ್ಟಿಲು ಮುಗಿದೊಡನೆ ಆಳ ಒಮ್ಮೆಗೇ ಎದುರಾಗುತ್ತದೆ.

ಈ ತಿಳಿವಳಿಕೆ ಉಳಿಯಬೇಕಾದರೆ ನೀರೂ ಉಳಿಯಬೇಕು. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಹರಿಯಿತು. ಆಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ನಡುವೆ 89 ವರ್ಷ! ಮೂರು ತಲೆಮಾರು ತುಂಬಿದ ಸಾಗರವನ್ನು ಕಾಣದೆಯೇ ಬೆಳೆಯಿತು. 2025ರಲ್ಲಿ ಅದು ಪುನಃ ತುಂಬಿತು. ಹೊಸದುರ್ಗದ ಕಡೆಯ ಹಿನ್ನೀರಿನಲ್ಲಿ ದಶಕಗಳ ಕಾಲ ಬಯಲಾಗಿದ್ದ ನೆಲ ಮುಳುಗಿತು. ಅಂಥ ನೀರಿನ ಅಡಿಯಲ್ಲಿ ಹೊಲದ ಬದು, ಹಳೆಯ ಗುಂಡಿ, ಮರದ ಬೊಡ್ಡೆ ಏನಿದೆಯೆಂದು ಮೇಲೆ ನಿಂತವನಿಗೆ ತಿಳಿಯದು.

ಸಣ್ಣ ಕೆರೆಗಳ ಮೈಯೂ ಬದಲಾಗಿದೆ. ಹೆಸರಿನಲ್ಲಿಯೇ ಕೆರೆಯಿರುವ ಹೊಳಲ್ಕೆರೆಯಂಥ ಸೀಮೆಯಲ್ಲಿಯೂ ಅಜ್ಜ ಈಜಿದ ಕಡೆಯೇ ಮೊಮ್ಮಗನೂ ನಂಬಿ ಇಳಿಯುವಂತಿಲ್ಲ. ಹೂಳೆತ್ತುವ ಯಂತ್ರ ಬೇಸಿಗೆಯಲ್ಲಿ ತೋಡಿದ ಗುಂಡಿಯನ್ನು ಮುಂಗಾರು ಮುಚ್ಚಿಬಿಡುತ್ತದೆ. ಮೊಣಕಾಲುದ್ದದ ನೀರಿನಿಂದ ಇಟ್ಟ ಮುಂದಿನ ಹೆಜ್ಜೆಗೇ ಆಳುದ್ದದ ನೀರು.

ಹಿಂದೆ ಹುಡುಗರ ಬೆನ್ನಿಗೆ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ಈಜು ಕಲಿಸುತ್ತಿದ್ದರು. ಹಗ್ಗದ ಇನ್ನೊಂದು ತುದಿ ಈಜು ಬಲ್ಲ ಹಿರಿಯನ ಕೈಯಲ್ಲಿರುತ್ತಿತ್ತು. ಆ ಕ್ರಮದ ಸಾರ ಇಂದಿಗೂ ಸಲ್ಲುತ್ತದೆ. ಒಬ್ಬನೇ ಇಳಿಯಬಾರದು, ತಿಳಿಯದ ನೀರಿಗೆ ತಲೆಕೆಳಗಾಗಿ ಧುಮುಕಬಾರದು. ಮುಳುಗುವವನು ಸಿಕ್ಕವರನ್ನು ತಬ್ಬಿ ಹಿಡಿಯುತ್ತಾನೆ. ಆದ್ದರಿಂದ ದಡದಲ್ಲಿದ್ದವರು ಹಾರುವ ಬದಲು ಹಗ್ಗವನ್ನೋ ಗಳುವನ್ನೋ ಪಂಚೆಯನ್ನೋ ನೀಡಬೇಕು.

ಇದರ ಜೊತೆಗೆ ಊರಿನ ಹೊಣೆಯೊಂದಿದೆ. ಹೂಳೆತ್ತಿಸಿದವರು, ಮಳೆ ಬರುವ ಮೊದಲೇ, ಗುಂಡಿ ಎಲ್ಲಿದೆ, ಎಷ್ಟು ಆಳವೆಂಬುದನ್ನು ಡಂಗುರ ಹೊಡೆಸಿ ತಿಳಿಸಲಿ.