ಟ್ಯಾನರ್, ಹೆನ್ರಿ ಒಸಾವ

1859-1937. ಅಮೆರಿಕದಲ್ಲಿ ಹುಟ್ಟಿ ಬದುಕಿನ ಬಹುಭಾಗವನ್ನು ಫ್ರಾನ್ಸಿನಲ್ಲಿ ಕಳೆದ ಚಿತ್ರಕಾರ. ಹೊರದೇಶಗಳಲ್ಲಿ ದೊಡ್ಡ ಹೆಸರು ಗಳಿಸಿದ ಮೊದಲ ಆಫ್ರಿಕನ್-ಅಮೆರಿಕನ್ ವರ್ಣಚಿತ್ರಕಾರನೆಂದು ಈತನನ್ನು ಗುರುತಿಸಲಾಗುತ್ತದೆ.

ಹುಟ್ಟಿದ್ದು ಪೆನ್ಸಿಲ್ವೇನಿಯದ ಪಿಟ್ಸ್‌ಬರ್ಗ್‌ನಲ್ಲಿ, 1859ರ ಜೂನ್ 21ರಂದು. ತಂದೆ ಬೆಂಜಮಿನ್ ಟಕರ್ ಟ್ಯಾನರ್ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚಿನ ಪಾದ್ರಿ, ಮುಂದೆ ಬಿಷಪ್ ಆದವ. ತಾಯಿ ಸಾರಾ ಗುಲಾಮಗಿರಿಯಲ್ಲಿ ಹುಟ್ಟಿದವಳು. ಗುಲಾಮಗಿರಿಯ ವಿರುದ್ಧ ಆಯುಧ ಹಿಡಿದ ಜಾನ್ ಬ್ರೌನ್ 1856ರಲ್ಲಿ ಕಾದಾಡಿದ್ದು ಕ್ಯಾನ್ಸಾಸ್‌ನ ಒಸಾವಟಮಿ ಎಂಬ ಊರಿನಲ್ಲಿ. ಮಗನ ಹೆಸರಿನ ನಡುವೆ ಬಂದು ಕೂತದ್ದು ಆ ಊರೇ.

1879ರಲ್ಲಿ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯ ಲಲಿತಕಲಾ ಅಕಾಡೆಮಿ ಸೇರಿ ಥಾಮಸ್ ಈಕಿನ್ಸ್‌ನಲ್ಲಿ ಕಲಿತ. ಗುರುವಿಗೆ ಈತನ ಮೇಲೆ ಅಭಿಮಾನವಿತ್ತು; ಮುಂದೆ ಶಿಷ್ಯನ ಭಾವಚಿತ್ರವನ್ನೂ ಬರೆದ. ಜೊತೆಯವರ ಮಾತು ಬೇರೆ. ಕಪ್ಪು ವಿದ್ಯಾರ್ಥಿಯೊಬ್ಬನನ್ನು ಅವನ ಈಸಲ್‌ಗೇ ಕಟ್ಟಿ ನಡುಬೀದಿಯಲ್ಲಿ ಬಿಟ್ಟು ಬಂದದ್ದನ್ನು ಸಹಪಾಠಿ ಜೋಸೆಫ್ ಪೆನೆಲ್ ಹೆಸರು ಹೇಳದೆ ಬರೆದಿದ್ದಾನೆ. ಅವನು ಟ್ಯಾನರನೇ ಎಂದು ಕಲಾಚರಿತ್ರಕಾರರು ಗುರುತಿಸುತ್ತಾರೆ. ಅಟ್ಲಾಂಟದಲ್ಲಿ ತೆರೆದ ಫೋಟೊ ಸ್ಟುಡಿಯೊ ಕೈಹಿಡಿಯಲಿಲ್ಲ. ಬಿಷಪ್ ಹಾರ್ಟ್‌ಜೆಲ್ ದಂಪತಿಗಳ ನೆರವಿನಿಂದ 1891ರಲ್ಲಿ ರೋಮ್‌ಗೆಂದು ಹೊರಟವನು ದಾರಿಯಲ್ಲಿ ಪ್ಯಾರಿಸ್‌ನಲ್ಲಿ ಇಳಿದ. ರೋಮ್ ಅಲ್ಲಿಗೇ ಮರೆತುಹೋಯಿತು. ಅಕಾಡೆಮಿ ಜೂಲಿಯನ್ ಸೇರಿ ಅಭ್ಯಾಸ ಮುಂದುವರಿಸಿದ. ಇಲ್ಲಿ ಜನ ಈತನ ಚಿತ್ರವನ್ನು ಮೊದಲು ನೋಡುತ್ತಿದ್ದರು, ಬಣ್ಣವನ್ನು ಆಮೇಲೆ.

ಕಾಯಿಲೆ ಬಿದ್ದು ಸ್ವದೇಶಕ್ಕೆ ಮರಳಿದ್ದ ದಿನಗಳ ಕೃತಿ 'ಬ್ಯಾಂಜೊ ಪಾಠ' (1893). ಅಂದಿನ ಅಮೆರಿಕದ ರಂಗಮಂಚದಲ್ಲಿ ಬ್ಯಾಂಜೊ ಹಿಡಿದ ಕಪ್ಪು ಮನುಷ್ಯನೆಂದರೆ ನಗೆಪಾಟಲಿನ ಸರಕು. ಟ್ಯಾನರನ ಚಿತ್ರದಲ್ಲಿ ಮುದುಕನೊಬ್ಬ ಹುಡುಗನನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡಿದ್ದಾನೆ. ವಾದ್ಯದ ಭಾರ ಪುಟ್ಟ ಕೈಗೆ ಹೆಚ್ಚಾದೀತೆಂದು ಅದರ ಕತ್ತನ್ನು ತಾನೇ ಎತ್ತಿ ಹಿಡಿದಿದ್ದಾನೆ. ಬೆರಳಾಡಿಸುವ ಕೆಲಸ ಮಾತ್ರ ಹುಡುಗನದು. ಎಡದಿಂದ ಹಗಲಿನ ತಣ್ಣನೆಯ ನೀಲಿ ಬೆಳಕು, ಬಲದಿಂದ ಒಲೆಯ ಕೆಂಪು. ಈ ಹಾದಿಯಲ್ಲೇ ಈತ ಇನ್ನಷ್ಟು ನಡೆಯಬೇಕಿತ್ತೆಂದು ಹಲುಬಿದವರಿದ್ದಾರೆ. ಆದರೆ ಪಾದ್ರಿಯ ಮಗನ ಮನಸ್ಸು ಬೈಬಲಿನ ಕಡೆ ತಿರುಗಿತ್ತು.

'ಲಾಜರನ ಮರುಜೀವ' 1897ರ ಪ್ಯಾರಿಸ್ ಸಲಾನ್‌ನಲ್ಲಿ ಪದಕ ಗಳಿಸಿತು. ಫ್ರೆಂಚ್ ಸರ್ಕಾರವೇ ಅದನ್ನು ಕೊಂಡಿತು. ಅದನ್ನು ಮೆಚ್ಚಿದ ರಾಡ್‌ಮನ್ ವಾನಮೇಕರ್ ಎಂಬ ಶ್ರೀಮಂತ ಪ್ಯಾಲೆಸ್ಟೈನ್ ಪ್ರವಾಸದ ಖರ್ಚು ವಹಿಸಿಕೊಂಡ. ಅಲ್ಲಿ ಕಂಡ ಮನೆ, ಉಡುಪು, ಕಲ್ಲುನೆಲಗಳ ಫಲ 'ಮಂಗಳವಾರ್ತೆ' (1898). ಇದರಲ್ಲಿ ಮರಿಯಳಿಗೆ ಪ್ರಭಾವಳಿಯಿಲ್ಲ. ಸುಕ್ಕಾದ ಹಾಸಿಗೆಯ ಅಂಚಿನಲ್ಲಿ ಕೂತ ಬಡ ಹಳ್ಳಿ ಹುಡುಗಿ ಅವಳು; ನಿಲುವಂಗಿಯ ಕೆಳಗೆ ಕಾಲ್ಬೆರಳು ಇಣುಕುತ್ತದೆ, ನೆಲಹಾಸು ಮಡಿಕೆ ಬಿದ್ದಿದೆ. ದೇವದೂತ ಗೇಬ್ರಿಯೇಲನಿಗೆ ರೆಕ್ಕೆಯೂ ಇಲ್ಲ, ಮುಖವೂ ಇಲ್ಲ. ನೆಟ್ಟಗೆ ನಿಂತ ಬೆಳಕಿನ ಕಂಬವಷ್ಟೆ. ದೂತರನ್ನು ಶತಮಾನಗಳಿಂದ ರೆಕ್ಕೆ ಕಟ್ಟಿ ನಿಲ್ಲಿಸಿದ ಪರಂಪರೆಯಲ್ಲಿ ಇದು ಸಣ್ಣ ಧೈರ್ಯವಲ್ಲ. ಚಿತ್ರ ಈಗ ಫಿಲಡೆಲ್ಫಿಯಾ ಕಲಾ ಸಂಗ್ರಹಾಲಯದಲ್ಲಿದೆ.

1899ರಲ್ಲಿ ಟ್ಯಾನರ್ ಬಿಳಿಯ ಗಾಯಕಿ ಜೆಸ್ಸಿ ಓಲ್ಸನ್‌ಳನ್ನು ಲಂಡನ್ನಿನಲ್ಲಿ ಮದುವೆಯಾದ. ಅಮೆರಿಕದ ಹಲವು ರಾಜ್ಯಗಳಲ್ಲಿ ಅಂಥ ಮದುವೆ ಕಾನೂನಿಗೆ ವಿರುದ್ಧವಾಗಿದ್ದ ಕಾಲ ಅದು. ಮೊದಲನೆಯ ಮಹಾಯುದ್ಧದಲ್ಲಿ ಕುಂಚ ಬದಿಗಿಟ್ಟು ಅಮೆರಿಕನ್ ರೆಡ್‌ಕ್ರಾಸ್‌ಗೆ ಸೇರಿ, ಆಸ್ಪತ್ರೆಗಳ ಸುತ್ತಲಿನ ಬೀಳು ನೆಲದಲ್ಲಿ ಗಾಯಾಳು ಸೈನಿಕರಿಂದ ತರಕಾರಿ ಬೆಳೆಸುವ ಕೆಲಸ ನಡೆಸಿದ. ಕ್ಯೂಬಿಸಂ ಮೊದಲಾದ ಹೊಸ ಗಾಳಿ ಬೀಸಿದಾಗ ಈತ ಕದಲಲಿಲ್ಲ. ಕೊನೆಗಾಲದ ಚಿತ್ರಗಳಲ್ಲಿ ನೀಲಿ-ಹಸಿರು ಬಣ್ಣಗಳೇ ಪದರ ಪದರವಾಗಿ ದಟ್ಟೈಸುತ್ತ ಹೋದವು. 1923ರಲ್ಲಿ ಫ್ರಾನ್ಸ್ ಲೀಜನ್ ಆಫ್ ಆನರ್ ನೀಡಿ ಗೌರವಿಸಿತು. 1937ರ ಮೇ 25ರಂದು ಪ್ಯಾರಿಸ್‌ನಲ್ಲಿ ತೀರಿಕೊಂಡ.

1996ರಲ್ಲಿ ಶ್ವೇತಭವನ ತನ್ನ ಶಾಶ್ವತ ಸಂಗ್ರಹಕ್ಕೆ ಆಫ್ರಿಕನ್-ಅಮೆರಿಕನ್ ಕಲಾವಿದನೊಬ್ಬನ ಚಿತ್ರವನ್ನು ಮೊದಲ ಬಾರಿಗೆ ಸೇರಿಸಿಕೊಂಡಿತು. ಅಟ್ಲಾಂಟಿಕ್ ಸಿಟಿಯ ಮರಳುದಿಬ್ಬಗಳ ಮೇಲಿನ ಸೂರ್ಯಾಸ್ತದ ಆ ಚಿತ್ರವನ್ನು ಟ್ಯಾನರ್ ಬರೆದದ್ದು 1885ರ ಸುಮಾರಿಗೆ, ದೇಶ ಬಿಡುವ ಮೊದಲು.