ಕಾರವಾರ ಮತ್ತು ಅಂಕೋಲೆಯ ಕಲಾಪರಂಪರೆ: ಸಂದರ್ಶಕರಿಗೂ ಕಲಾವಿದರಿಗೂ ಮಾಹಿತಿ

ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಬೇರ್ಪಟ್ಟು ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಅಲ್ಲಿಯೇ ಉಳಿಯಿತು. ಆ ಪ್ರಾಂತ್ಯದ ಹೆಸರಾಂತ ಸರ್ ಜೆ. ಜೆ. ಕಲಾಶಾಲೆಯು 1857ರಲ್ಲಿ ದೂರದ ಮುಂಬಯಿಯಲ್ಲಿ ಆರಂಭವಾಗಿತ್ತು. ಕಾರವಾರ ಹಾಗೂ ಅಂಕೋಲೆ ತಾಲ್ಲೂಕುಗಳ ಕಲೆಯಾದರೋ ಹೆಚ್ಚಾಗಿ ಮನೆಯ ಅಂಗಳದಲ್ಲಿ, ಹಿರಿಯರ ಕೈ ನೋಡಿ ಕಿರಿಯರು ಕಲಿಯುವ ಕ್ರಮದಲ್ಲಿ ಬೆಳೆದುಬಂದಿರುತ್ತದೆ. ಆದುದರಿಂದ ಇಲ್ಲಿಗೆ ಬರುವ ಕಲಾಸಕ್ತರು ಒಂದೇ ಕಟ್ಟಡದ ಸೂರಿನಡಿ ಎಲ್ಲವನ್ನೂ ಕಾಣುವಂತಿಲ್ಲ, ಊರೂರು ಸುತ್ತಬೇಕಾಗುತ್ತದೆ.

ಪ್ರವಾಸವನ್ನು ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಿಂದ ಆರಂಭಿಸುವುದು ಸೂಕ್ತ. ಭಾರತೀಯ ಸಿವಿಲ್ ಸೇವೆಗೆ ಆಯ್ಕೆಯಾದ ಮೊದಲ ಭಾರತೀಯರಾದ ಸತ್ಯೇಂದ್ರನಾಥ ಟ್ಯಾಗೋರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ಅವರ ತಮ್ಮ ರವೀಂದ್ರನಾಥರು 1883ರಲ್ಲಿ ಬಂದು ತಂಗಿದ್ದರು. ಆಗ ಅವರಿಗೆ 22 ವರ್ಷ. ಒಂದು ಸಂಜೆ ಪುಟ್ಟ ದೋಣಿಯಲ್ಲಿ ಕಾಳಿ ನದಿಯ ಮೇಲ್ಭಾಗಕ್ಕೆ ಸಾಗಿ, ರೈತನೊಬ್ಬನ ಅಂಗಳದಲ್ಲಿ ಊಟ ಮಾಡಿ, ಬೆಳದಿಂಗಳಿನಲ್ಲಿ ಹಿಂದಿರುಗಿ, ನದೀಮುಖದಿಂದ ಮನೆಯವರೆಗೆ ಮರಳಿನ ಮೇಲೆ ನಡೆದು ಬಂದುದನ್ನು ಅವರು ತಮ್ಮ ಆತ್ಮಕಥನ 'ಜೀವನಸ್ಮೃತಿ'ಯಲ್ಲಿ ಸ್ಮರಿಸಿರುತ್ತಾರೆ. 1884ರಲ್ಲಿ ಪ್ರಕಟವಾದ 'ಪ್ರಕೃತಿರ್ ಪ್ರತಿಶೋಧ್' ನಾಟಕವನ್ನು ಅವರು ಬರೆದದ್ದು ಕಾರವಾರದಲ್ಲಿ. ಪ್ರಕೃತಿಯನ್ನೇ ಜಯಿಸಲು ಹೊರಟ ಸನ್ಯಾಸಿಯೊಬ್ಬನನ್ನು ಅನಾಥ ಬಾಲಕಿಯ ಪ್ರೀತಿಯು ಲೋಕಕ್ಕೆ ಮರಳಿಸುವ ಕಥೆ ಅದರದು. ಇದೇ ಕವಿ 1919ರಲ್ಲಿ ಶಾಂತಿನಿಕೇತನದಲ್ಲಿ ಕಲಾಭವನವನ್ನು ತೆರೆದರು. ಕಾರವಾರದಲ್ಲಿ ಅವರ ಹೆಸರು ಕಡಲತೀರಕ್ಕಿದೆ.

ನದಿಯ ಆಚೆ ದಡದಲ್ಲಿರುವ ಸದಾಶಿವಗಡವು ಸೋಂದೆಯ ಅರಸರ ಕಾಲದ ಕೋಟೆ. ಕಾಳಿ ನದಿಯ ಹಳೆಯ ಸೇತುವೆಯು 2024ರ ಆಗಸ್ಟ್ 7ರಂದು ಕುಸಿದುಬಿದ್ದಿದ್ದು, ವಾಹನ ಸಂಚಾರವು ಪಕ್ಕದ ಹೊಸ ಸೇತುವೆಯ ಮೂಲಕ ನಡೆದಿರುತ್ತದೆ.

ಕಾರವಾರದಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಸುಮಾರು 35 ಕಿ.ಮೀ. ಸಾಗಿದರೆ ಅಂಕೋಲೆ. ಈ ತಾಲ್ಲೂಕಿನ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತವನ್ನು ನೋಡಲು ಫಾಲ್ಗುಣ ಮಾಸದಲ್ಲಿ, ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ಬರಬೇಕು. ಕುಣಿಯುವವರ ತಲೆಯ ಮೇಲಿನ ತುರಾಯಿಯನ್ನು ಹತ್ತಿರದಿಂದ ನೋಡಿದವರಿಗೆ ಅದು ಎಂತಹ ಕುಸುರಿ ಕೆಲಸವೆಂಬುದು ತಿಳಿಯುತ್ತದೆ. ಹಗುರವಾದ ಬೆಂಡನ್ನು ತೆಳುವಾಗಿ ಕೊರೆದು ಹೂವು, ಹಕ್ಕಿಗಳನ್ನು ಮಾಡಿ, ಬಣ್ಣದ ಕಾಗದ ಹಾಗೂ ಬೇಗಡೆಯೊಂದಿಗೆ ಕಟ್ಟಲಾಗುತ್ತದೆ. ಭಾರವಾದರೆ ಕುಣಿಯಲಾಗದು, ಸಡಿಲವಾದರೆ ಕುಣಿತದಲ್ಲಿಯೇ ಉದುರಿಹೋಗುತ್ತದೆ. ಈ ಹದವನ್ನು ಯಾವ ಪಠ್ಯವೂ ಕಲಿಸುವುದಿಲ್ಲ. ಜೊತೆಗೆ ನುಡಿಸುವ ಗುಮಟೆಯು ಮಣ್ಣಿನ ವಾದ್ಯ. ಹಿಂದೆ ಅದಕ್ಕೆ ಉಡದ ಚರ್ಮವನ್ನು ಬಿಗಿಯುತ್ತಿದ್ದರು. ಉಡವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿಯಾಗಿರುವುದರಿಂದ ಅದರ ಚರ್ಮವನ್ನು ಬಳಸುವುದಾಗಲಿ, ಅಂತಹ ವಾದ್ಯವನ್ನು ಕೊಳ್ಳುವುದಾಗಲಿ ಕೂಡದು.

ಹಾಡಿನ ಪರಂಪರೆಯ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಅಂಕೋಲೆ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರು ಅಸಂಖ್ಯಾತ ಹಾಡುಗಳನ್ನು ನೆನಪಿನಲ್ಲಿಯೇ ಉಳಿಸಿಕೊಂಡು ಹಾಡುತ್ತಿದ್ದರು. ಮದ್ಯಪಾನ ವಿರೋಧಿ ಹೋರಾಟದಲ್ಲಿಯೂ ಮುಂದಾಗಿದ್ದ ಅವರಿಗೆ 2017ರಲ್ಲಿ ಪದ್ಮಶ್ರೀ ಸಂದಿತು. 2025ರ ಫೆಬ್ರವರಿಯಲ್ಲಿ ಅವರು ನಿಧನ ಹೊಂದಿದರು. ಕಂಠಸ್ಥವಾಗಿ ಬಂದ ಹಾಡು ಹಾಡುವವರೊಂದಿಗೇ ಹೋಗಿಬಿಡಬಹುದಾದುದರಿಂದ, ಮನೆಯ ಹಿರಿಯರ ಹಾಡುಗಳನ್ನು ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ, ಹಾಡಿದವರ ಹೆಸರು, ಊರು, ದಿನಾಂಕ ಬರೆದಿಡುವುದು ಅತ್ಯಗತ್ಯ.

ಸಂದರ್ಶಕರು ಮನೆಯಂಗಳವನ್ನು ಪ್ರವೇಶಿಸುವ ಮುನ್ನ ಮನೆಯವರ ಅನುಮತಿ ಪಡೆಯತಕ್ಕದ್ದು. ಸುಗ್ಗಿ ಕುಣಿತವು ಆಚರಣೆಯೇ ಹೊರತು ಪ್ರದರ್ಶನವಲ್ಲ. ಛಾಯಾಚಿತ್ರಕ್ಕಾಗಿ ಅದನ್ನು ನಡುವೆ ನಿಲ್ಲಿಸಬಾರದು.

ಸಂಕಷ್ಟದಲ್ಲಿರುವ ಹಿರಿಯ ಕಲಾವಿದರ ಮಾಸಾಶನದ ಬಗ್ಗೆ ಕಾರವಾರದಲ್ಲಿರುವ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು. ಅಂಗಳದಲ್ಲಿ ಕಲಿತವರ ಬಳಿ ಪ್ರಮಾಣಪತ್ರ ಇರುವುದು ಅಪರೂಪ. ಆದುದರಿಂದ ಆಮಂತ್ರಣ ಪತ್ರಿಕೆ, ಛಾಯಾಚಿತ್ರ, ಪತ್ರಿಕಾ ವರದಿಗಳನ್ನು ಮೊದಲಿನಿಂದಲೇ ಕೂಡಿಟ್ಟುಕೊಳ್ಳುವುದು ಒಳ್ಳೆಯದು. ಅರ್ಜಿಯ ಹೊತ್ತಿಗೆ ಹುಡುಕಿದರೆ ಅವು ಸಿಗುವುದಿಲ್ಲ.

ಕೈಕಸುಬಿನವರಿಗಾಗಿ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯು ತರಬೇತಿಯ ಅವಧಿಗೆ ದಿನಕ್ಕೆ 500 ರೂ. ಭತ್ಯೆ ಹಾಗೂ ಸಲಕರಣೆಗಳಿಗೆ 15,000 ರೂ.ವರೆಗೆ ನೆರವು ಒದಗಿಸುತ್ತದೆ. ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ಯೋಜನೆಯ 18 ಕಸುಬುಗಳಲ್ಲಿ ಬಡಗಿ, ಶಿಲ್ಪಿ, ಕುಂಬಾರ, ಬುಟ್ಟಿ ಹೆಣೆಯುವವರು, ಹೂಮಾಲೆ ಕಟ್ಟುವವರು ಸೇರಿರುತ್ತಾರೆ. ಬೆಂಡಿನ ಕೆಲಸಕ್ಕೆ ಪ್ರತ್ಯೇಕ ಹೆಸರಿಲ್ಲ. ಆದ್ದರಿಂದ ತುರಾಯಿ ಕಟ್ಟುವವರು ನೋಂದಣಿ ತೆರೆದಿದೆಯೇ, ತಮ್ಮ ಕೆಲಸವು ಯಾವುದಾದರೂ ಕಸುಬಿನಡಿ ಬರುತ್ತದೆಯೇ ಎಂಬುದನ್ನು ಸಾಮಾನ್ಯ ಸೇವಾ ಕೇಂದ್ರದಲ್ಲಿ ಖಚಿತಪಡಿಸಿಕೊಂಡು, ಆಧಾರ್, ಪಡಿತರ ಚೀಟಿ ಹಾಗೂ ಬ್ಯಾಂಕ್ ಖಾತೆಯ ವಿವರಗಳೊಂದಿಗೆ ಹೋಗತಕ್ಕದ್ದು. ಗ್ರಾಮೀಣ ಪ್ರದೇಶದ ಅರ್ಜಿಗಳ ಮೊದಲ ಪರಿಶೀಲನೆಯು ಗ್ರಾಮ ಪಂಚಾಯಿತಿಯಲ್ಲಿ ನಡೆಯುತ್ತದೆ.