ಅಟ್ಟದ ಮೇಲಿನ ಫ್ಯಾಂಟಮ್

ಹೊಸನಗರದ ನಮ್ಮ ಮನೆಯ ಅಟ್ಟದಲ್ಲಿ, ಅಡಿಕೆ ಚೀಲಗಳ ಹಿಂದೆ ಒಂದು ಕಟ್ಟು ಇದೆ. ‘ಸುಧಾ’ ವಾರಪತ್ರಿಕೆಯಿಂದ ಫ್ಯಾಂಟಮ್ ಪುಟಗಳನ್ನಷ್ಟೇ ಕತ್ತರಿಸಿ, ದಬ್ಬಣದಲ್ಲಿ ಹೊಲಿದು ಅಪ್ಪಯ್ಯ ಮಾಡಿದ ಪುಸ್ತಕ. ಸಾಗರ, ತೀರ್ಥಹಳ್ಳಿ ಕಡೆಯ ನೆಂಟರ ಮನೆಗಳಲ್ಲೂ ಇಂಥವನ್ನು ನೋಡಿದ್ದೇನೆ. ಬೆಂಗಳೂರಲ್ಲಿ ಮಾರ್ವೆಲ್ ಸಿನಿಮಾಕ್ಕೆ ಟಿಕೆಟ್ ಬುಕ್ ಮಾಡುವಾಗೆಲ್ಲ ಆ ಕಟ್ಟು ನೆನಪಾಗುತ್ತೆ.

ಅಮೆರಿಕದ ಲೀ ಫಾಕ್ ಫ್ಯಾಂಟಮ್ ಕತೆ ಶುರು ಮಾಡಿದ್ದು 1936ರಲ್ಲಿ. ಸೂಪರ್‌ಮ್ಯಾನ್ ಬಂದಿದ್ದು ಅದಾಗಿ ಎರಡು ವರ್ಷಕ್ಕೆ. 1964ರಲ್ಲಿ ಟೈಮ್ಸ್ ಬಳಗ ಇಂದ್ರಜಾಲ ಕಾಮಿಕ್ಸ್ ಆರಂಭಿಸಿದಾಗ ಮೊದಲ ಸಂಚಿಕೆಯೇ ಅವನದು. ಹಿಂದಿಯಲ್ಲಿ ಅವನು ವೇತಾಳನಾದ, ಬಂಗಾಳಿಯಲ್ಲಿ ಅರಣ್ಯದೇವನಾದ. ನಮಗೆ ಮಾತ್ರ ಫ್ಯಾಂಟಮ್ ಫ್ಯಾಂಟಮ್ಮೇ.

ಅವನಿಗೆ ಹಾರೋಕೆ ಬರಲ್ಲ. ಗುಂಡು ತಾಗಿದರೆ ರಕ್ತ ಬರುತ್ತೆ. ಆದರೂ ಅವನಿಗೆ ನಾನೂರು ವರ್ಷ, ಸಾವೇ ಇಲ್ಲ ಅಂತ ಕಾಡಿನ ಜನ ನಂಬಿದ್ದಾರೆ. ಗುಟ್ಟು ಇಷ್ಟೇ: ಅಪ್ಪ ಸತ್ತರೆ ಮಗ ಅದೇ ಮುಖವಾಡ ಹಾಕ್ತಾನೆ. ಈಗಿನವನು 21ನೆಯವನು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಯಕ್ಷಗಾನಕ್ಕೆ ಹೊರಟಾಗ ನಾವು ‘ಇವತ್ತು ಯಾರ ಕೌರವ?’ ಅಂತ ಕೇಳ್ತೇವೆ. ವೇಷಧಾರಿ ಬದಲಾಗ್ತಾನೆ, ಕೌರವ ಇದ್ದೇ ಇರ್ತಾನೆ.

ದೊಡ್ಡವನಾದ ಮೇಲೆ ಮತ್ತೆ ಓದಿದಾಗ ಒಂದು ಮುಳ್ಳು ಚುಚ್ಚಿತು. ಕಾಡಿನವರು ಕಪ್ಪುಜನ, ಕಾಯುವವನು ಬಿಳಿಯ, ಅದೂ ಇಪ್ಪತ್ತೊಂದು ತಲೆಮಾರಿನಿಂದ! ನಮ್ಮ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ನಡೆದದ್ದೇ ಬೇರೆ. 1951ರಲ್ಲಿ ಅಲ್ಲಿನ ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ತಾವೇ ಸತ್ಯಾಗ್ರಹಕ್ಕಿಳಿದು ಜೈಲಿಗೆ ಹೋದರು. ಬೆಂಬಲಕ್ಕೆ ಬಂದ ಲೋಹಿಯಾ ಕೂಡ ಬಂಧನಕ್ಕೊಳಗಾದರು. ಅವರ್ಯಾರೂ ಮುಖ ಮುಚ್ಚಿಕೊಂಡಿರಲಿಲ್ಲ. ಆದರೆ ಅಟ್ಟದ ಕಟ್ಟಿನಲ್ಲಿ ಅವರಿಲ್ಲ.

ಹಾಗಾದರೆ ಅಪ್ಪಯ್ಯ ಆ ಬಿಳಿಯನನ್ನೇ ಯಾಕೆ ಅಷ್ಟು ಜೋಪಾನ ಮಾಡಿದರು? ಉತ್ತರ ಹೊಳೆದಿದ್ದು ಇಸವಿ ನೋಡಿದಾಗ. ಇಂದ್ರಜಾಲ ಶುರುವಾದ 1964ರಲ್ಲೇ ಲಿಂಗನಮಕ್ಕಿ ಅಣೆಕಟ್ಟೂ ಮುಗಿಯಿತು. ಸಾಗರ, ಹೊಸನಗರದ ಎಷ್ಟೋ ಊರುಗಳು ಶರಾವತಿ ಹಿನ್ನೀರಿನಡಿ ಸೇರಿದವು. ಮುಳುಗಡೆಯಿಂದ ಗಂಟುಮೂಟೆ ಕಟ್ಟಿಕೊಂಡು ಎದ್ದು ಬಂದ ಮನೆಯ ಹುಡುಗ ನನ್ನ ಅಪ್ಪಯ್ಯ. ತಲೆಬುರುಡೆ ಗುಹೆಯಿಂದ ಫ್ಯಾಂಟಮ್‌ನನ್ನು ಯಾರೂ ಎಬ್ಬಿಸಲಿಲ್ಲ. ಅವನ ಕಾಡಿಗೆ ಯಾರೂ ನೀರು ತುಂಬಲಿಲ್ಲ. ಆ ಹುಡುಗನಿಗೆ ವಾರಕ್ಕೊಮ್ಮೆ ಅಂಥದ್ದೊಂದು ಕಾಡು ಸಿಗ್ತಿತ್ತು.

ಕಾಗೋಡಿನ ಕತೆಯನ್ನು ನನ್ನ ಮಗಳಿಗೆ ನಾನೇ ಹೇಳ್ತೇನೆ. ಕಟ್ಟನ್ನೂ ಕೊಡ್ತೇನೆ. ಹೊಲಿಗೆ ಸಡಿಲಾಗಿದೆ, ಮೊದಲು ಅದನ್ನು ಬಿಗಿ ಮಾಡಬೇಕು.